ಮೂರಕ್ಕೂ ನಾಲ್ಕಕ್ಕೂ ನಡುವಿನ ದೃಶ್ಯ

ನಾಟಕದ ಮೇಷ್ಟ್ರು ಹಲ್ಲಿನ ಲ್ಯಾಬಿನ ಮೆಟ್ಟಿಲು ಹತ್ತಿ ಬಂದದ್ದು ತಮ್ಮ ಹಲ್ಲಿಗಾಗಿ ಅಲ್ಲ. ಅವರ ತಂಡ ಆಡಲಿದ್ದ ನಾಟಕದಲ್ಲಿ ಒಬ್ಬ ಮುದುಕ ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟದೊಳಗೆ ಹಾಕುವ ಸನ್ನಿವೇಶವಿತ್ತು. ಯಾರಿಗೂ ಬೇಡವಾದ ಒಂದು ಸೆಟ್ಟು ಸಿಗಬಹುದೇ ಎಂದು ಕೇಳಲು ಬಂದಿದ್ದರು. ಆಗ ಲ್ಯಾಬಿನಲ್ಲಿ ಇದ್ದವಳು ಒಬ್ಬಳೇ ಹೆಂಗಸು. ಪ್ಲಾಸ್ಟರಿನ ಪುಡಿ ಮೆತ್ತಿದ ಕೈಯಲ್ಲಿ ಮೇಣದ ದವಡೆಯೊಂದನ್ನು ಕೆರೆಯುತ್ತ ಕೂತಿದ್ದಳು. ವಯಸ್ಸು ನಲವತ್ತು ದಾಟಿತ್ತು, ಆದರೆ ಮನೆಯಲ್ಲಿ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿ.

"ಇದನ್ನ ತಗೊಂಡೋಗಿ," ಎಂದು ಪುಟ್ಟಿ ಮೂಲೆಯ ಡಬ್ಬಿಯಿಂದ ಒಂದು ಸೆಟ್ಟು ತೆಗೆದುಕೊಟ್ಟಳು. "ಅಳತೆ ತಪ್ಪಿ ಹೋಗಿದ್ದು. ಹಾಕ್ಕೊಂಡವರು ಅಳ್ತಿದ್ರೂ ನಗ್ತಿರೋ ಹಾಗೆ ಕಾಣ್ತಾರೆ."

"ನಮ್ಮ ನಾಟಕಕ್ಕೆ ಬರೋ ಜನ ಇದರ ಉಲ್ಟಾ. ನಗಬೇಕಾದ ಕಡೆಯೂ ಅತ್ತ ಹಾಗೆ ಕೂತಿರ್ತಾರೆ," ಎಂದರು ಮೇಷ್ಟ್ರು. "ಭಾನುವಾರ ಬಂದು ನೋಡಿ."

ತಾನು ಮಾಡಿದ ಹಲ್ಲು ರಂಗದ ಮೇಲೆ ಹೇಗೆ ಕಾಣುತ್ತದೋ ನೋಡೋಣವೆಂದು ಪುಟ್ಟಿ ಹೋದಳು. ಹಿಂದಿನ ಸಾಲಿಗೆ ಹಲ್ಲಿರಲಿ, ಲೋಟವೇ ಕಾಣಲಿಲ್ಲ. ಆದರೆ ಆ ನಾಟಕ ಬರೆದವನು ಒಬ್ಬ ಅಂಚೆಯವನಂತೆ, ಅದುವರೆಗೆ ಊರವರ ಕಾಗದ ಹಂಚಿದ್ದೇ ಹೊರತು ತಾನಾಗಿ ನಾಲ್ಕು ಸಾಲು ಬರೆದವನಲ್ಲವಂತೆ ಎಂದು ಪಕ್ಕದವರು ಆಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿತ್ತು. ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಮುಂದಿನ ವಾರದಿಂದ ಅವಳು ತಂಡದ ಕೋಣೆಗೆ ಹೋಗತೊಡಗಿದಳು.

ಕೋಣೆ ಇದ್ದದ್ದು ಟೈರ್ ಅಂಗಡಿಯ ಮಹಡಿಯ ಮೇಲೆ. ಹಿಂದೆ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಯಾವ ಅಕ್ಷರಕ್ಕೆ ಯಾವ ಬೆರಳು ಎಂದು ತೋರಿಸುವ ದೊಡ್ಡ ಚಿತ್ರ ಗೋಡೆಯ ಮೇಲೆ ಇನ್ನೂ ಹಾಗೇ ಇತ್ತು. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹೆಸರಾದವರ ನಾಟಕವನ್ನು ದೊಡ್ಡ ತಂಡಗಳು ಆಡಿಕೊಳ್ಳಲಿ, ನಾವು ವರ್ಷಕ್ಕೊಂದು ಹೊಸಬರ ನಾಟಕ ಆಡೋಣ ಎನ್ನುವುದು ಅವರ ಹಟ. ಹೊಸಬರನ್ನು ಅವರು ಹೊಗಳುತ್ತಿರಲಿಲ್ಲ, ತೆಗಳುತ್ತಲೂ ಇರಲಿಲ್ಲ. ತಂದ ನಾಟಕವನ್ನು ಎಲ್ಲರೂ ಸುತ್ತ ಕೂತು ಗಟ್ಟಿಯಾಗಿ ಓದಬೇಕು. ಓದು ಮುಗಿಯುವ ತನಕ ಬರೆದವರು ತುಟಿಪಿಟಕ್ಕೆನ್ನಬಾರದು. ಆಮೇಲೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ಸಲಹೆ ಮಾತ್ರ ಕೊಡಬಾರದು. ಬರೆದವರು ಬಾಯಲ್ಲಿ ಉತ್ತರ ಕೊಡತೊಡಗಿದರೆ ಮೇಷ್ಟ್ರು ಕೈ ಎತ್ತಿ ತಡೆಯುತ್ತಿದ್ದರು. "ಉತ್ತರ ನಮಗೆ ಬೇಡ. ನಾಟಕಕ್ಕೆ ಕೊಡಿ." ಹೀಗೆ ಓದಿ, ಕೇಳಿ, ತಿದ್ದಿ, ಒಂದು ಹದಕ್ಕೆ ಬಂತು ಎನಿಸಿದಾಗ ಊರವರನ್ನು ಕರೆದು ಒಂದು ಸಾರ್ವಜನಿಕ ಓದು. ಅದಾದ ಮೇಲೆ ರಂಗಕ್ಕೆ.

ಹಲ್ಲು ಮಾಡುವವಳು ನಾಟಕವನ್ನೂ ಬರೆಯುತ್ತಿದ್ದಾಳೆಂದು ಗೊತ್ತಾದ ದಿನವೇ ತಂಡದಲ್ಲಿದ್ದ ಬಸ್ ಕಂಡಕ್ಟರ್ ಅವಳಿಗೆ ಹೆಸರಿಟ್ಟ: "ದಂತಕಥೆ ಬಂದ್ರು, ಕುರ್ಚಿ ಬಿಡಿ!" ಆತ ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ಪಳಗಿಸಿಕೊಂಡಿದ್ದವನು. ಪಿಸುಮಾತಿನ ಪಾತ್ರ ಕೊಟ್ಟರೂ ಕೆಳಗಿನ ಟೈರ್ ಅಂಗಡಿಯವರಿಗೆ ಕೇಳಿಸುತ್ತಿತ್ತು.

ಪುಟ್ಟಿ ಬರೆದದ್ದು ತನ್ನ ಮನೆಯನ್ನೇ. ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದ ತಾಯಿ. ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತ ಅವಳನ್ನು ನೋಡಿಕೊಳ್ಳುವ ದೊಡ್ಡ ಮಗಳು, ಅವಳ ಗಂಡ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಚಿಕ್ಕವಳು. ತಾಯಿ ಚಮಚದಿಂದ ಕಬ್ಬಿಣದ ಮಂಚ ಬಡಿಯುತ್ತಾಳೆ. ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಮಗ್ಗುಲು ಬದಲಿಸಬೇಕು, ಬಡಿಯುತ್ತಲೇ ಇದ್ದರೆ ಸಿಟ್ಟು ಬಂದಿದೆ ಎಂದರ್ಥ. ಪುಟ್ಟಿಯ ಅಮ್ಮನೂ ಹಾಗೇ ಮಾಡುತ್ತಿದ್ದರು. ವರ್ಷಗಟ್ಟಲೆ ಮಲಗಿದ್ದು, ಒಂದು ಮಧ್ಯಾಹ್ನ ಪುಟ್ಟಿ ಲ್ಯಾಬಿನಲ್ಲಿದ್ದಾಗ ಹೋಗಿಬಿಟ್ಟಿದ್ದರು.

ಮೊದಲ ಓದಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾಯಿ ಚಮಚದಲ್ಲೇ ಅಳಿಯನನ್ನು ಬೈಯುವ ಕಡೆ ಕಂಡಕ್ಟರ್ ಕುರ್ಚಿಯಿಂದ ಜಾರಿದ. ನಗು ನಿಂತ ಮೇಲೆ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಮೂರನೇ ದೃಶ್ಯದಲ್ಲಿ ಅಮ್ಮ ಮಂಚ ಬಡೀತಿದ್ದಾರೆ. ನಾಲ್ಕನೇದರಲ್ಲಿ ಮಂಚ ಖಾಲಿ. ನಡುವೆ ಏನಾಯ್ತು?"

"ತೀರ್ಕೊಂಡ್ರು."

"ಅದು ಗೊತ್ತಾಯ್ತು. ಆ ಹೊತ್ತಲ್ಲಿ ಮನೇಲಿ ಯಾರಿದ್ರು?"

"ದೊಡ್ಡವಳಿದ್ಳು. ನಾನು ಕೆಲಸಕ್ಕೆ..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಚಿಕ್ಕವಳು ಕೆಲಸಕ್ಕೆ ಹೋಗಿದ್ಳು."

"ಹಾಗಾದ್ರೆ ನಾಟಕ ಇರೋದು ನೀವು ಬರೀದೆ ಬಿಟ್ಟ ಆ ಮಧ್ಯಾಹ್ನದಲ್ಲೇ ಅಲ್ವಾ?" ಎಂದರು ಮೇಷ್ಟ್ರು. ಪ್ರಶ್ನೆಯ ವೇಷ ತೊಟ್ಟ ಸಲಹೆಯಾಗಿತ್ತು ಅದು. ಆದರೆ ಯಾರೂ ಆಕ್ಷೇಪಿಸಲಿಲ್ಲ.

ಆ ಮಧ್ಯಾಹ್ನದ ಬಗ್ಗೆ ಅಕ್ಕ ಆಗ ಹೇಳಿದ್ದು ಇಷ್ಟೇ: ಊಟ ಮಾಡಿಸಿದೆ, ನಿದ್ದೆ ಹೋದರು, ಎಬ್ಬಿಸಲು ಹೋದರೆ ಇರಲಿಲ್ಲ. ಪುಟ್ಟಿ ಅದನ್ನೇ ಬರೆದು ತಂದಳು. ಓದಿದಾಗ ಕೇಳುವವರಿಗೆ ಆಕಳಿಕೆ ಬಂತು. ಮತ್ತೊಂದು ಬಗೆಯಲ್ಲಿ ಬರೆದಳು, ಅದೂ ಹಾಗೇ. ಲ್ಯಾಬಿನಲ್ಲಿ ಹಲ್ಲಿಗೆ ಪಾಲಿಶ್ ಹಿಡಿಯುತ್ತ ಆ ಮನೆಯನ್ನೇ ನೆನೆಯುತ್ತಿದ್ದಳು. ಚಮಚದ ಸದ್ದು. ಎದುರಿಗೆ ಗುಡ್ಡೆ ಬಿದ್ದ ಬಟ್ಟೆ. ಬಡಿತ ನಿಲ್ಲುವುದಿಲ್ಲ. ಒಂದು ದಿನ ಪಾಲಿಶ್ ಚಕ್ರದ ಗಿರ್ರನೆಯ ಸದ್ದಿನಲ್ಲಿ ಪಕ್ಕದ ಮೇಜಿನವರು ಕರೆದದ್ದು ಅವಳಿಗೆ ಕೇಳಿಸಲೇ ಇಲ್ಲ. ಆ ವಾರ ಅವಳು ಹೊಸ ದೃಶ್ಯ ತಂದಳು. ತಾಯಿ ಮಂಚ ಬಡಿಯುತ್ತಾಳೆ. ದೊಡ್ಡ ಮಗಳು ಏಳುವುದಿಲ್ಲ. ಬಡಿತ ಕೇಳದಿರಲೆಂದು ಹೊಲಿಗೆ ಮಷಿನ್ನನ್ನು ಜೋರಾಗಿ ತುಳಿಯುತ್ತಾಳೆ.

ಓದು ಮುಗಿಯಿತು. ದೊಡ್ಡ ಮಗಳ ಪಾತ್ರ ಓದುತ್ತಿದ್ದ ನರ್ಸಮ್ಮ ಕೇಳಿದರು. ಆಕೆ ನಿಜಕ್ಕೂ ಆಸ್ಪತ್ರೆಯ ನರ್ಸೇ. "ಅಷ್ಟು ಹೊತ್ತು ತುಳಿದ್ರೆ ದಾರ ಮುಗಿದು ಹೋಗಲ್ವಾ?"

ಪುಟ್ಟಿ ಅದನ್ನೂ ಹೊತ್ತುಕೊಂಡು ಹೋದಳು. ಮುಂದಿನ ಓದಿನಲ್ಲಿ ದಾರ ಮುಗಿದಿತ್ತು. ಸೂಜಿ ಬರಿದೇ ಬಟ್ಟೆಗೆ ತೂತು ಹೊಡೆಯುತ್ತಿತ್ತು, ಹೆಂಗಸು ತುಳಿಯುತ್ತಲೇ ಇದ್ದಳು. ಓದು ಮುಗಿದಾಗ ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತೋರಿಸಿ ನಿಂತರು. "ಊರವರನ್ನ ಕರಿಯೋಣ," ಎಂದರು.

ಅಕ್ಕನಿಗೆ ಹಿಗ್ಗೋ ಹಿಗ್ಗು. ಅಮ್ಮ ಹಾಸಿಗೆ ಹಿಡಿದಾಗಿನಿಂದ ಇಡೀ ಮನೆ ನಡೆದದ್ದು ಅವಳ ಕಾಲಿನ ಮೇಲೆ. ತಂಗಿ ಏನಾದರೊಂದು ಆಗಲಿ ಎಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಓದಿನ ದಿನ ಕೋಣೆಗೆ ಕಟ್ಟಲೆಂದು ಉಳಿದ ಬಟ್ಟೆಗಳನ್ನು ಜೋಡಿಸಿ ಒಂದು ಪರದೆ ಹೊಲಿದುಕೊಟ್ಟಳು.

"ನನ್ನ ಪಾತ್ರ ಇದೆಯಂತಲ್ಲೇ? ದಪ್ಪ ಅಂತ ಬರೆದಿಲ್ಲ ತಾನೆ?"

"ನಿನ್ನ ಪಾತ್ರ ಅಲ್ಲ ಅಕ್ಕ, ನಾಟಕ ಅದು."

"ಮಂಚ ಬಡಿಯೋದು ನಮ್ಮಮ್ಮನೇ, ಅಳಿಯ ನಿನ್ನ ಭಾವನೇ. ನಾನೊಬ್ಬಳು ಮಾತ್ರ ಬೇರೆಯವಳಾಗಿಬಿಟ್ನಾ?" ಎಂದು ಅಕ್ಕ ನಕ್ಕಳು.

 ಇದು ಕಟ್ಟುಕತೆ, ಅಕ್ಕನಿಗೂ ಗೊತ್ತಾಗುತ್ತದೆ, ಸಿಟ್ಟು ಬಂದರೂ ಎರಡು ದಿನ ಮುಖ ಊದಿಸಿಕೊಂಡು ಸರಿಹೋಗುತ್ತಾಳೆ ಎಂದು ಪುಟ್ಟಿ ಸಮಾಧಾನ ಮಾಡಿಕೊಂಡಳು. ಮೊದಲೇ ಓದಿ ಕೇಳಿಸುವ ಧೈರ್ಯ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಕೋಣೆ ತುಂಬಿತ್ತು. ಅಕ್ಕ, ಭಾವ ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾವ ನೀರಿನ ಮೀಟರ್ ಓದುವ ಕೆಲಸದವನು, ಮಾತು ಕಡಿಮೆ. ಚಮಚದ ಬೈಗುಳಕ್ಕೆ ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಅಕ್ಕಪಕ್ಕದವರ ಕಡೆಗೆ ತಿರುಗಿ ತಂಗಿಯನ್ನು ತೋರಿಸಿದಳು.

ಆಮೇಲೆ ಆ ದೃಶ್ಯ ಬಂತು. ನರ್ಸಮ್ಮ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟು ಬರೀ ಕಾಲಿನಿಂದ ನೆಲ ತುಳಿಯತೊಡಗಿದರು. ಮರದ ನೆಲ ದಡದಡ ಎಂದಿತು. ಇನ್ನೊಂದು ಮೂಲೆಯಲ್ಲಿ ಕಂಡಕ್ಟರ್ ಚಮಚದಿಂದ ಕುರ್ಚಿಯ ಕಬ್ಬಿಣ ಬಡಿಯುತ್ತಿದ್ದ. ಕಾಲು ಜೋರಾಯಿತು, ಚಮಚ ನಿಧಾನವಾಯಿತು. "ದಾರ ಮುಗೀತು," ಎಂದರು ನರ್ಸಮ್ಮ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, ಕಾಲು ನಿಲ್ಲಲಿಲ್ಲ. ಚಮಚ ನಿಂತಿತು.

ಪುಟ್ಟಿ ಅಕ್ಕನ ಕಡೆ ನೋಡಿದಳು. ಅಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಬಟ್ಟೆಯ ಅಳತೆ ಹಿಡಿಯುವಾಗ ನೋಡುವ ಹಾಗೆ ನರ್ಸಮ್ಮನ ಕಾಲನ್ನೇ ನೋಡುತ್ತಿದ್ದಳು.

ಓದಿನ ನಂತರ ಚರ್ಚೆ. ಅಕ್ಕ ಎದ್ದು ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು. ಬಿಳಿ ಮೀಸೆಯ ಒಬ್ಬರು ಎದ್ದು, "ಇವಳು ಮಗಳಲ್ಲ, ಕೊಲೆಗಾತಿ," ಎಂದರು. ಹಿಂದಿನ ಸಾಲಿನ ಹೆಂಗಸೊಬ್ಬಳು ಅವರ ಮೇಲೆ ಹರಿಹಾಯ್ದಳು: "ನೀವು ಒಂದು ದಿನ ಯಾರದಾದ್ರೂ ಮಲ ಬಾಚಿದ್ದೀರಾ? ಅಷ್ಟು ವರ್ಷ ಮಾಡಿದ್ದು ಲೆಕ್ಕಕ್ಕೇ ಇಲ್ವಾ?" ಕೊಂದಳು ಎನ್ನುವವರು, ಕೊಲ್ಲಲಿಲ್ಲ ಎನ್ನುವವರು ಎರಡು ಪಾಲಾದರು. ನಡುವೆ ಅಕ್ಕ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಯಾರೋ ಕೇಳಿದರು, "ಇದು ನಿಜವಾಗಿ ನಡೆದದ್ದಾ?"

"ಇಲ್ಲ," ಎಂದಳು ಪುಟ್ಟಿ. "ಕಲ್ಪನೆ."

ಎಲ್ಲರೂ ಚಪ್ಪಾಳೆ ತಟ್ಟಿದರು.

 ಮನೆ ಮುಟ್ಟಿದ ಮೇಲೆ ಭಾವ ಹೊರಗಿನ ಕಲ್ಲಿನ ಮೇಲೆ ಕೂತ. ಅಕ್ಕ ಒಳಗೆ ಹೋಗಿ, ಸೀರೆಯನ್ನೂ ಬದಲಿಸದೆ ಮಷಿನ್ನಿನ ಪಕ್ಕ ನಿಂತಳು.

"ದಾರ ಮುಗಿದಿದ್ದು ನಿನಗೆ ಹೇಗೆ ಗೊತ್ತು?"

ಪುಟ್ಟಿಗೆ ಅರ್ಥವಾಗಲಿಲ್ಲ. "ಯಾವ ದಾರ?"

"ಆವತ್ತು ದಾರ ಮುಗಿದಿತ್ತು. ಸೂಜಿ ಬರೀ ಬಟ್ಟೆ ಚುಚ್ತಿತ್ತು. ಆಮೇಲೆ ಆ ಅಂಗಿ ತೋಳು ಪೂರ್ತಿ ಬಿಚ್ಚಿ ಎಸೆದೆ. ಮನೇಲಿ ಇದ್ದಿದ್ದು ನಾನು, ಅಮ್ಮ ಇಬ್ಬರೇ. ನೀನು ಬಂದಿದ್ಯಾ? ಕಿಟಕೀಲಿ ನೋಡಿ ವಾಪಸ್ ಹೋದ್ಯಾ?"

 ಪುಟ್ಟಿ ಹತ್ತಿರ ಬಂದಳು. "ಅಕ್ಕ... ಅದು ನಾನು ಕಟ್ಟಿ ಬರೆದಿದ್ದು. ನಿನ್ನಾಣೆ. ನನಗೇನೂ ಗೊತ್ತಿರಲಿಲ್ಲ. ದಾರದ ಮಾತು ನನ್ನದೂ ಅಲ್ಲ, ಆ ನರ್ಸಮ್ಮ ಕೇಳಿದ್ರು, ಅದಕ್ಕೆ..."

"ಒಂದು ಸಲ ಕಣೇ," ಎಂದಳು ಅಕ್ಕ. ತಂಗಿಯ ಮಾತು ಅವಳಿಗೆ ಕೇಳಿಸಿದಂತಿರಲಿಲ್ಲ. "ಅಷ್ಟು ವರ್ಷದಲ್ಲಿ ಒಂದೇ ಸಲ. ಈ ತೋಳು ಮುಗಿಸಿ ಏಳೋಣ ಅಂತ. ಬಡೀತಾನೇ ಇದ್ರು. ಸಿಟ್ಟು ಮಾಡ್ಕೊಂಡಿದ್ದಾರೆ, ಮಾಡ್ಕೊಳ್ಲಿ ಅಂದ್ಕೊಂಡೆ."

"ನನಗೆ ಗೊತ್ತಿರಲಿಲ್ಲ ಅಕ್ಕ."

ಅಕ್ಕ ಈಗ ಅವಳನ್ನು ನೇರವಾಗಿ ನೋಡಿದಳು. "ಗೊತ್ತಿತ್ತು ಅಂದಿದ್ರೆ ಒಂದು ತರ ಇತ್ತು ಪುಟ್ಟಿ. ಇಷ್ಟು ದಿನ ಗೊತ್ತಿದ್ದೂ ನನ್ನ ಕೈಯಲ್ಲಿ ಉಂಡಳು, ಬಾಯಿ ಬಿಡಲಿಲ್ಲ ಅಂತ ಸಮಾಧಾನ ಮಾಡ್ಕೊತಿದ್ದೆ. ಗೊತ್ತಿಲ್ಲ ಅಂತೀಯ. ಹಾಗಾದ್ರೆ, ಅಕ್ಕ ಆವತ್ತು ಏನು ಮಾಡಿರ್ತಾಳೆ ಅಂತ ನೀನು ಕೂತು ಯೋಚನೆ ಮಾಡಿದೆ. ನಿನಗೆ ಹೊಳೆದಿದ್ದು ಇದು."

 ಹೊಸ್ತಿಲ ಆಚೆ ಭಾವ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನಿಗೂ ಇದು ಗೊತ್ತಾದದ್ದು ಆಗಲೇ.

ಮುಂದಿನ ವಾರ ಪುಟ್ಟಿ ತಂಡದವರ ಮುಂದೆ ಎಲ್ಲವನ್ನೂ ಹೇಳಿದಳು. ನರ್ಸಮ್ಮ ಬಾಯಿ ಮುಚ್ಚಿಕೊಂಡು ಅತ್ತರು. ಬದಲಿಸೋಣ ಎಂದರು ಮೇಷ್ಟ್ರು. ದೊಡ್ಡ ಮಗಳನ್ನು ದೊಡ್ಡ ಮಗನನ್ನಾಗಿ ಮಾಡಿ, ಮಷಿನ್ನಿನ ಜಾಗಕ್ಕೆ ರೇಡಿಯೋ ತಂದು ಓದಿದರು. ಸಪ್ಪೆಯಾಯಿತು. ತಾಯಿಯ ಬದಲು ಅತ್ತೆ, ಚಮಚದ ಬದಲು ಗಂಟೆ, ಇನ್ನೂ ಸಪ್ಪೆ. ನಗು ಬರುತ್ತಿದ್ದ ಕಡೆಯೂ ನಗು ಬರಲಿಲ್ಲ. "ನನ್ನ ಕಾಲಿಗೆ ಏನು ಮಾಡ್ಬೇಕು ಅಂತಾನೇ ತಿಳೀತಿಲ್ಲ," ಎಂದರು ನರ್ಸಮ್ಮ.

"ಇದ್ದ ಹಾಗೇ ಆಡೋಣ," ಎಂದ ಕಂಡಕ್ಟರ್. "ಇಂಥ ನಾಟಕ ನಮ್ಮ ಕೈಗೆ ಇನ್ನೊಂದ್ಸಲ ಬರಲ್ಲ. ನಿಮ್ಮಕ್ಕ ಇವತ್ತಲ್ಲ ನಾಳೆ ಸರಿಹೋಗ್ತಾರೆ. ಒಡಹುಟ್ಟಿದವರು ತಾನೆ?"

ಮೇಷ್ಟ್ರು ಹಾಳೆಗಳ ಅಂಚನ್ನು ಬೆರಳಿನಿಂದ ಸರಿಮಾಡುತ್ತ ಕೂತಿದ್ದರು. ಅವರಿಗೆ ಆ ನಾಟಕ ಎಷ್ಟು ಬೇಕಾಗಿತ್ತೆಂದು ಆ ಬೆರಳುಗಳೇ ಹೇಳುತ್ತಿದ್ದವು. "ನಾಟಕ ನಿಮ್ಮದು," ಎಂದರು. "ಆಡಿ ಅಂದ್ರೆ ಆಡ್ತೀವಿ. ಬೇಡ ಅಂದ್ರೆ ಇಲ್ಲ."

"ಬೇಡ," ಎಂದಳು ಪುಟ್ಟಿ.

ಅಂದು ಮನೆಗೆ ಓಡುವ ಹಾಗೇ ಬಂದಳು. ಅಕ್ಕ ಬಟ್ಟೆ ಮಡಿಸುತ್ತಿದ್ದಳು. "ನಾಟಕ ನಿಲ್ಸಿಬಿಟ್ಟೆ ಅಕ್ಕ. ಯಾವತ್ತೂ ಆಡಲ್ಲ."

ಅಕ್ಕ ಮಡಿಸುವುದನ್ನು ನಿಲ್ಲಿಸಲಿಲ್ಲ. "ನಾನು ನಿಲ್ಸು ಅಂದ್ನಾ? ನಿಲ್ಸಿದ್ರೆ ಏನು ಬಂತು? ಆ ಕೋಣೇಲಿ ಅಷ್ಟು ಜನ ಕೇಳಿಸ್ಕೊಂಡ್ರು. ನಾನೂ ಕೇಳಿಸ್ಕೊಂಡೆ."

ಮನಸ್ಸು ತಡೆಯದೆ ನರ್ಸಮ್ಮ ಒಂದು ಸಂಜೆ ಮನೆಗೇ ಬಂದರು. ಅಕ್ಕನ ಕೈ ಹಿಡಿದುಕೊಂಡು, ಎರಡನೇ ಸಲ ಪಾರ್ಶ್ವವಾಯು ಹೊಡೆದವರನ್ನು ಎಷ್ಟೋ ಕಂಡಿದ್ದೇನೆ, ಆವತ್ತು ನೀವು ಎದ್ದು ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಅಕ್ಕ ತಾಳ್ಮೆಯಿಂದ ಕೇಳಿದಳು.

"ಉಳೀತಿದ್ರು ಅಂತ ನಾನು ಹೇಳಿಲ್ಲ ತಾಯಿ. ಬಾಯಿಗೆ ಒಂದು ಗುಟುಕು ನೀರು ಬೀಳ್ತಿತ್ತು."

ನರ್ಸಮ್ಮ ಟೀ ಕುಡಿದು ಹೋದರು.

ಆ ವರ್ಷ ತಂಡ ಯಾವ ನಾಟಕವನ್ನೂ ಆಡಲಿಲ್ಲ. ಹೊಸ ನಾಟಕವಿಲ್ಲದ ವರ್ಷ ಅವರಿಗೆ ಅದೇ ಮೊದಲು. ಕಂಡಕ್ಟರ್ ಬೇರೆ ತಂಡ ಸೇರಿಕೊಂಡ. ಹೋಗುವಾಗ ಪುಟ್ಟಿಯ ಹತ್ತಿರ ಮಾತಾಡಲಿಲ್ಲ. ಅವನ ಗಂಟಲಿಲ್ಲದೆ ಕೋಣೆ ಎಷ್ಟು ಸಣ್ಣದೆಂದು ಎಲ್ಲರಿಗೂ ತಿಳಿಯಿತು. ಇನ್ನೊಂದು ಬರೆಯಿರಿ ಎಂದರು ಮೇಷ್ಟ್ರು. ಪುಟ್ಟಿ ಪ್ರಯತ್ನಪಟ್ಟಳು. ಯಾರನ್ನು ನೆನೆದು ಬರೆಯಹೋದರೂ, ಇವರ ಬಗ್ಗೆಯೂ ಏನಾದರೂ ಹೊಳೆದುಬಿಟ್ಟರೆ ಎಂಬ ಭಯವಾಗಿ ಪೆನ್ನು ಕೆಳಗಿಡುತ್ತಿದ್ದಳು.

ಮನೆಯಲ್ಲಿ ಜಗಳವೇನೂ ಇರಲಿಲ್ಲ. ಅಕ್ಕ ಮೊದಲಿನ ಹಾಗೇ ಅಡುಗೆ ಮಾಡಿ ತಟ್ಟೆ ಮುಚ್ಚಿಡುತ್ತಿದ್ದಳು, ಎದುರಿಗೆ ಕೂತು ಬಡಿಸುವುದು ಮಾತ್ರ ನಿಂತಿತು. ಭಾವ ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ತಾನೇ ಎದ್ದು ನೀರು ತಂದುಕೊಳ್ಳತೊಡಗಿದ, ಅಕ್ಕ ಅದನ್ನು ನೋಡುತ್ತ ಕೂರುತ್ತಿದ್ದಳು. ಇನ್ನೊಂದು ಬದಲಾವಣೆ ಪುಟ್ಟಿಗೆ ನಿಧಾನವಾಗಿ ತಿಳಿಯಿತು. ಅವಳು ಮನೆಯಲ್ಲಿದ್ದರೆ ಅಕ್ಕ ಮಷಿನ್ ಮುಟ್ಟುತ್ತಿರಲಿಲ್ಲ. ಶಾಲೆಗಳು ತೆರೆಯುವ ಹೊತ್ತು, ಬಟ್ಟೆ ರಾಶಿ ಬಿದ್ದಿತ್ತು. ಆದರೂ ಅವಳು ಕೈಯಲ್ಲಿ ಗುಂಡಿ ಹಾಕುತ್ತ ಕೂರುವಳೇ ಹೊರತು ಮಷಿನ್ನಿನ ಮುಂದೆ ಕೂರುತ್ತಿರಲಿಲ್ಲ.

"ಯಾಕೆ ಹೊಲೀತಿಲ್ಲ ಅಕ್ಕ?"

"ನೀನು ಕೇಳಿಸ್ಕೊತಿರ್ತೀಯ," ಎಂದಳು ಅಕ್ಕ. ಕುಟುಕುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ.

ಅಂದಿನಿಂದ ಪುಟ್ಟಿ ಮನೆಯಲ್ಲಿರುವುದನ್ನೇ ಕಡಿಮೆ ಮಾಡಿದಳು. ಲ್ಯಾಬಿನ ಕೆಲಸ ಮುಗಿದರೆ ನೇರ ಟೈರ್ ಅಂಗಡಿಯ ಮೇಲಕ್ಕೆ. ತಾನು ಹೊರಗಿದ್ದಷ್ಟು ಹೊತ್ತು ಅಕ್ಕ ಹೊಲಿಯುತ್ತಾಳೆ ಎಂಬುದೇ ಅವಳು ಅಲ್ಲಿಗೆ ಹೋಗುವುದಕ್ಕೆ ಉಳಿದಿದ್ದ ಕಾರಣ. ಕುರ್ಚಿ ಜೋಡಿಸುತ್ತಿದ್ದಳು, ಸಣ್ಣಪುಟ್ಟ ಪಾತ್ರ ಓದುತ್ತಿದ್ದಳು. ದಂತಕಥೆ ಎಂದು ಈಗ ಯಾರೂ ಕರೆಯುತ್ತಿರಲಿಲ್ಲ.

ಮರುವರ್ಷ ಲಿಫ್ಟ್ ರಿಪೇರಿ ಮಾಡುವವನೊಬ್ಬ ನಾಟಕ ತಂದ. ಮಧ್ಯವಯಸ್ಸಿನವನು. ಒಂದು ಬೆಳಿಗ್ಗೆ ಮನೆ ಬಿಟ್ಟು ಹೋದ ತಂದೆಯ ಕತೆ. ಅಪ್ಪ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾನೆ. ಮುಂದಿನ ದೃಶ್ಯದಲ್ಲಿ ಮಗ ದೊಡ್ಡವನಾಗಿದ್ದಾನೆ. ಓದು ಮುಗಿಯಿತು. ಆ ಬಾಗಿಲಲ್ಲಿ ಮಗ ಎಲ್ಲಿ ನಿಂತಿದ್ದ, ಅಪ್ಪ ಅವನಿಗೆ ಏನಂದ, ಇವನು ಏನಂದ ಎಂಬುದು ನಾಟಕದಲ್ಲಿ ಎಲ್ಲೂ ಇರಲಿಲ್ಲ. ಪುಟ್ಟಿಗೆ ಅದು ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ಮೇಷ್ಟ್ರಿಗೂ ಕಂಡಿರಬೇಕು. ಆ ಸಲದಿಂದೀಚೆಗೆ ಅವರು ಇಂಥ ಕಡೆ ಬಾಯಿ ತೆರೆಯುತ್ತಿರಲಿಲ್ಲ. ಸುಮ್ಮನೆ ಪುಟ್ಟಿಯ ಮುಖ ನೋಡಿದರು. ಉಳಿದವರೂ ನೋಡಿದರು.

"ನಾನು ಕೇಳೋದೇನೂ ಇಲ್ಲ," ಎಂದಳು ಪುಟ್ಟಿ.

ಲಿಫ್ಟಿನವನ ಮುಖ ಬಾಡಿತು. ಮೆಟ್ಟಿಲಿಳಿಯುವಾಗ ಅವಳನ್ನು ಹಿಂದಿನಿಂದ ಬಂದು ಸೇರಿಕೊಂಡ. "ಒಂದು ಪ್ರಶ್ನೆ ಕೇಳೋಕೂ ಯೋಗ್ಯ ಅಲ್ವಾ ಮೇಡಂ, ನನ್ನ ನಾಟಕ?"

"ಚೆನ್ನಾಗಿದೆ. ಇದ್ದ ಹಾಗೇ ಇರಲಿ."

"ಚೆನ್ನಾಗಿಲ್ಲ ಅಂತ ನನಗೇ ಗೊತ್ತು. ಏನು ಕಮ್ಮಿ ಅಂತ ಗೊತ್ತಾಗ್ತಿಲ್ಲ, ಅದಕ್ಕೇ ಇಲ್ಲಿಗೆ ಬಂದೆ."

ಅವಳು ಮೆಟ್ಟಿಲ ಮೇಲೆ ನಿಂತಳು. ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. "ನಿಮ್ಮ ತಾಯಿ ಇದ್ದಾರಾ?" ಎಂದಳು.

"ಇದ್ದಾರೆ. ಅಣ್ಣನೂ ಇದ್ದಾನೆ. ಯಾಕೆ?"

"ಏನಿಲ್ಲ," ಎಂದು ಅವಳು ಇಳಿದು ಹೋದಳು.

ಅವನು ನಾಟಕವನ್ನು ತಿದ್ದಲಿಲ್ಲ. ಮಳೆಗಾಲ ಮುಗಿದ ಮೇಲೆ ತಂಡ ಅದನ್ನು ಇದ್ದ ಹಾಗೇ ಆಡಿತು. ಅವನ ತಾಯಿ, ಅಣ್ಣ ಮುಂದಿನ ಸಾಲಿನಲ್ಲಿ ಕೂತು ನೋಡಿದರು, ಎದ್ದು ಮನೆಗೆ ಹೋದರು. ಯಾರಿಗೂ ನೋವಾಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅವನು ಮತ್ತೆ ಬರೆಯಲಿಲ್ಲ, ಆ ಕೋಣೆಗೂ ಬರಲಿಲ್ಲ.